ಮೊಳೆಗೆ ತೂಗಿದ ಫೋನಿನ ನಂಬರು

ನಾನು ಓದಿದ್ದು ನಾಲ್ಕನೇ ಕ್ಲಾಸು. ಕಂಪ್ಯೂಟರಿನ ವಿಷಯ ಇವಳಿಗೆ ಎಂತಕ್ಕೆ ಅಂತ ಯಾರಾದರೂ ಅಂದರೆ ಅನ್ನಲಿ. ನನ್ನ ವಾರಗಿತ್ತಿ ಸತ್ತದ್ದು ಆ ವಿಷಯಕ್ಕೇ.

ಹುಂಚದ ಆಚೆ ನಮ್ಮದು ಎರಡೇ ಮನೆ, ಮಧ್ಯೆ ಒಂದು ಅಂಗಳ. ಎರಡು ಮನೆಗೂ ಸೇರಿ ಸಿಗ್ನಲ್ ಸಿಗುವುದು ನಮ್ಮ ಜಗಲಿಯ ಕಿಟಕಿ ಹತ್ತಿರ ಮಾತ್ರ. ಅಲ್ಲಿ ಮೊಳೆ ಹೊಡೆದು ಫೋನನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ತೂಗಿಹಾಕಿದ್ದೆವು. ಗ್ಯಾಸಿಗೆ, ರೇಷನ್ನಿಗೆ, ಆಸ್ಪತ್ರೆಗೆ ಎರಡೂ ಮನೆಯವರು ಕೊಡುತ್ತಿದ್ದದ್ದು ಅದೇ ನಂಬರು.

ಮೊಮ್ಮಗಳು ಸಾಗರದಲ್ಲಿ ಕಂಪ್ಯೂಟರ್ ಕಲಿತಳು. ಅವಳ ಮೊದಲ ಕೆಲಸ, ಹೊಸನಗರದ ಒಂದು ಸಣ್ಣ ಕ್ಲಿನಿಕ್ಕಿಗೆ ಕಂಪ್ಯೂಟರಿನಲ್ಲಿ ರೋಗಿಗಳ ಪಟ್ಟಿ, ಅವಳ ಮಾತಲ್ಲಿ ಟೇಬಲ್, ಮಾಡಿಕೊಟ್ಟದ್ದು. ಅದರಲ್ಲಿ ಒಬ್ಬರಿಗೆ ಒಂದು ಸಾಲು. ಯಾವ ಸಾಲು ಯಾರದ್ದು ಅಂತ ಗುರುತಿಗೆ ಒಂದು ಕಾಲಂ ಇಡಬೇಕಂತೆ, ಅದೇ ಪ್ರೈಮರಿ ಕೀ. ಅದು ಖಾಲಿ ಇರಬಾರದು, ಇಬ್ಬರಿಗೆ ಒಂದೇ ಆಗಬಾರದು. ಇವಳು ಅದಕ್ಕೆ ಫೋನ್ ನಂಬರನ್ನೇ ಇಟ್ಟಳು. ಕೈಗೊಂದು ಫೋನು ಹಿಡಿದವರ ಮಧ್ಯೆ ಇದ್ದೂ ಇದ್ದೂ ನಮ್ಮ ಮೊಳೆ ಮರೆತಿದ್ದಳು.

ಆ ಕ್ಲಿನಿಕ್ಕಿಗೆ ವಾರಗಿತ್ತಿ ಮೊದಲು ಹೋದಳು. ಒಂದು ಇಂಜೆಕ್ಷನ್ ಅವಳಿಗೆ ಆಗುತ್ತಿರಲಿಲ್ಲ, ಮೈ ಊದಿ ಉಸಿರು ಕಟ್ಟುತ್ತಿತ್ತು. ಅದನ್ನು ಬರೆಸಿ ಬಂದಳು. ಆಮೇಲೆ ನಾನು ಮಂಡಿ ನೋವಿಗೆ ಹೋದೆ. ಚೀಟಿ ಬರೆಯುವ ಹುಡುಗಿ ನಂಬರು ಹೊಡೆದು, "ಹೊಸ ಸಾಲು ತಗೊಳ್ತಾ ಇಲ್ಲ. ಈ ನಂಬರು ಆಗ್ಲೇ ಇದೆ" ಅಂದಳು.

"ಇರತ್ತೆ, ನಮ್ದೇ."

"ಯಾವ್ದಾದ್ರೂ ಇಂಜೆಕ್ಷನ್ ಆಗಲ್ವಾ ಅಜ್ಜಿ ನಿಮ್ಗೆ?"

"ನಂಗೆಂತ ಆಗೋದಿಲ್ಲ? ಕಲ್ಲು ಕೊಟ್ರೂ ಅರಗತ್ತೆ."

ಅವಳು ನಕ್ಕಳು. ಇದ್ದ ಸಾಲು ನನ್ನದೇ, ಬರೆದದ್ದು ತಪ್ಪಾಗಿದೆ ಅಂದುಕೊಂಡು ಅದರಲ್ಲೇ ಹೆಸರು ತಿದ್ದಿ, ಇಂಜೆಕ್ಷನ್ನಿನ ಮಾತು ಅಳಿಸಿದಳು. ಅದು ಆಮೇಲೆ ಗೊತ್ತಾದದ್ದು.

ವಾರಗಿತ್ತಿಗೆ ಜ್ವರ ನೆತ್ತಿಗೇರಿ ಮಾತು ನಿಂತಾಗ ಅವಳ ಮಗ ಅಲ್ಲಿಗೇ ಒಯ್ದ. "ಅಮ್ಮ ಎಲ್ಲಾ ಬರ್ಸಿದಾಳೆ, ಕಂಪ್ಯೂಟರಲ್ಲಿ ನೋಡಿ" ಅಂದ. ನನ್ನ ಹೆಸರು ಬಂತು. ಹುಡುಗಿ ಮತ್ತೆ ಹೆಸರು ತಿದ್ದಿದಳು. ಬೇರೆ ಎಂತದೂ ಇರಲಿಲ್ಲ. ಅದೇ ಇಂಜೆಕ್ಷನ್ ಕೊಟ್ಟರು. ಉಸಿರು ಕಟ್ಟಿತು, ಶಿವಮೊಗ್ಗದ ದೊಡ್ಡ ಆಸ್ಪತ್ರೆಗೆ ಒಯ್ಯುವ ದಾರಿಯಲ್ಲಿ ಹೋಗಿಬಿಟ್ಟಳು.

ಸೂತಕ ಕಳೆದ ಮೇಲೆ ಮೊಮ್ಮಗಳು ಜಗಲಿಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿ ಕೂತಳು. ಊಟ ಬಿಟ್ಟಿದ್ದಳು.

"ಎಂತ ಮಾಡ್ತಿದ್ದೀಯೆ?"

"ಬೇರೆ ಪ್ರೈಮರಿ ಕೀ ಹಾಕ್ತಿದ್ದೀನಿ ಅಜ್ಜಿ. ಒಬ್ಬೊಬ್ರಿಗೆ ಒಂದೊಂದು ನಂಬರು ಕಂಪ್ಯೂಟರೇ ಕೊಡತ್ತೆ. ಫೋನು ಬರೀ ಫೋನು. ನಿಂಗೊಂದು, ಸಣ್ಣಜ್ಜಿಗೊಂದು."

"ಸತ್ತೋಳಿಗೆ ಯಾಕೆ?"

"ಅವ್ರ ಸಾಲು ತೆಗೆಯೋದಿಲ್ಲ. ಆ ನಂಬರು ಇನ್ಯಾರಿಗೂ ಹೋಗ್ಬಾರ್ದು."

"ಈ ಬುದ್ಧಿ ಆಗ ಎಲ್ಲಿ ಹೋಗಿತ್ತು?"

ಬೆರಳು ನಿಂತಿತು. ಅತ್ತಳು. ನಾನು ಸಮಾಧಾನ ಮಾಡಲಿಲ್ಲ. ಅಷ್ಟರಲ್ಲಿ ವಾರಗಿತ್ತಿಯ ಮಗ ಫೋನ್ ಮಾಡಲು ಬಂದವ ಅಂಗಳದಲ್ಲೇ ನಿಂತ. ಅವಳನ್ನೂ ಲ್ಯಾಪ್‌ಟಾಪನ್ನೂ ನೋಡಿ ತಿರುಗಿ ಹೋದ.

ಈಗ ಬೇರೆ ಫೋನು ತಗೊಂಡಿದ್ದಾನೆ. ಮಾತಾಡಬೇಕಾದರೆ ಗುಡ್ಡ ಹತ್ತುತ್ತಾನೆ. ನಮ್ಮ ಜಗಲಿಗೆ ಬರುವುದಿಲ್ಲ.