ಖಾಲಿ ಡಬ್ಬಿಯ ಕಟ್ಟಳೆ

ನನ್ನ ಅಡುಗೆಮನೆಯ ಕಪಾಟಿನಲ್ಲಿ ಎರಡು ಬಗೆಯ ಡಬ್ಬಿಗಳಿವೆ: ನಮ್ಮವು ಮತ್ತು ಮಂದಿಯವು. ನಮ್ಮವು ಯಾರ ಮನೆಯಲ್ಲಿವೆಯೋ ಶಿವನೇ ಬಲ್ಲ. ಮಂದಿಯವು ಮಾತ್ರ ಹೊರಟು ನಿಂತ ನೆಂಟರಂತೆ ಸಾಲಾಗಿ ಕಾಯುತ್ತಿವೆ. ಕೊಟ್ಟುಬಿಡಬಾರದೇ ಎನ್ನುತ್ತೀರಾ? ಖಾಲಿ ಕೊಡುವಂತಿಲ್ಲವಲ್ಲ! ಒಂದು ಹಿಡಿ ಶೇಂಗಾವೋ, ಚೂರು ಬೆಲ್ಲವೋ, ಕಡೆಗೆ ಒಂದಿಷ್ಟು ಸಕ್ಕರೆಯೋ ಅದರಲ್ಲಿರಲೇಬೇಕು. ನಮ್ಮ ಹರಪನಹಳ್ಳಿ ಸೀಮೆಯಲ್ಲಿ ಈ ಕಟ್ಟಳೆಯನ್ನು ಯಾರೂ ಗೋಡೆಗೆ ಬರೆದು ಹಾಕಿಲ್ಲ, ಮೀರಿದವರನ್ನೂ ನಾನು ಕಂಡಿಲ್ಲ.

ಗೋಡೆಗೆ ಬರೆದ ಕಟ್ಟಳೆ ಕಂಡದ್ದು ನನ್ನ ತಂಗಿಯ ಮಗಳು ಚೈತ್ರಾಳ ಶಾಲೆಯಲ್ಲಿ. ಈ ವರ್ಷ ಅಲ್ಲಿ ‘ಝೀರೋ ಟಾಲರೆನ್ಸ್’, ಅಂದರೆ ಕಿಂಚಿತ್ತೂ ಮಾಫಿಯಿಲ್ಲದ ಕಟ್ಟಳೆ, ಬಂದಿದೆ. ಮನೆಯ ತಿಂಡಿಯನ್ನು ಯಾರಿಗೂ ಹಂಚಕೂಡದು. ಹಂಚಿದರೆ ಒಂದು ವಾರ ಹೊರಗೆ. ಮಕ್ಕಳ ಹೊಟ್ಟೆ ಕೆಡಬಾರದೆಂಬ ಕಾಳಜಿ ಒಳ್ಳೆಯದೇ. ಆದರೆ ತೆಲಿಗಿ ಊರಲ್ಲಿ ನನ್ನ ತಂಗಿಯ ಎಮ್ಮೆ ಈದದ್ದು ಆ ಗೋಡೆಗೆ ಹೇಗೆ ತಿಳಿಯಬೇಕು? ಮೊದಲ ಹಾಲಿನ ಗಿಣ್ಣವನ್ನು ಒಬ್ಬರೇ ತಿನ್ನಬಾರದೆಂದು ನಡೆಯಲು ಕಲಿಯುವ ಮೊದಲೇ ಕಲಿತ ಹುಡುಗಿ, ಬೆಲ್ಲ ಏಲಕ್ಕಿ ಹಾಕಿ ಬೇಯಿಸಿದ್ದನ್ನು ಡಬ್ಬಿಯಲ್ಲಿ ಒಯ್ದು ಗೆಳತಿಯರಿಗೆಲ್ಲ ಹಂಚಿಬಿಟ್ಟಳು. ಡಬ್ಬಿ ಜಪ್ತಿಯಾಯಿತು. ಒಂದು ವಾರ ಹೊರಗೆಂದರೆ ಶನಿವಾರದ ಖೋ ಖೋ ಪಂದ್ಯವೂ ಕೈಬಿಟ್ಟಂತೆಯೇ. ಆ ಪಂದ್ಯಕ್ಕೆಂದೇ ದಿನಾ ಬೆಳಗ್ಗೆ ಓಡಿದವಳು ಶಾಲೆಯ ಹತ್ತಿರದ ನನ್ನ ಮನೆಗೆ ಬಂದು ಬಿಕ್ಕಿದಾಗ ನನಗೆ ಸಿಟ್ಟೇ ಬಂತು.

ಮರುದಿನ ಅವಳ ಕೈಹಿಡಿದು ಮುಖ್ಯೋಪಾಧ್ಯಾಯಿನಿಯ ಕೋಣೆಗೆ ಹೋದೆ. ಅವರೂ ನಮ್ಮ ಸೀಮೆಯದೇ ಅರಸೀಕೆರೆಯ ಒಕ್ಕಲುಮನೆಯ ಹೆಣ್ಣುಮಗಳೇ. ಕುರ್ಚಿಯಲ್ಲಿ ಕುಳಿತಾಗ ಮಾತ್ರ ಕುರ್ಚಿಯಷ್ಟೇ ನೆಟ್ಟಗೆ.

“ರೂಲು ಅಂದ್ರ ರೂಲುರಿ ಅಕ್ಕಾರ. ಒಬ್ರಿಗೆ ಬಿಟ್ರ ಎಲ್ಲಾರಿಗೂ ಬಿಡಬೇಕಾಕ್ಕತಿ.”

“ಎಮ್ಮಿ ಈದೈತ್ರಿ ಮೇಡಂ. ಗಿಣ್ಣ ಹಂಚದಂಗ ಹೆಂಗ ಇರಾಕ ಬರ್ತೈತಿ, ನೀವ ಹೇಳ್ರಿ?”

ಅವರು ಮಾತು ಮುಗಿಯಿತೆಂಬಂತೆ, ತೊಳೆಸಿಟ್ಟಿದ್ದ ಡಬ್ಬಿಯನ್ನು ನನ್ನತ್ತ ಚಾಚಿದರು. ಚಾಚಿದ ಕೈ ಅಲ್ಲೇ ನಿಂತಿತು. ಮುಚ್ಚಳ ತೆರೆದು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಚಹಾಕ್ಕೆಂದು ಮೇಜಿನ ಮೇಲಿಟ್ಟಿದ್ದ ಸಕ್ಕರೆಯನ್ನು ಒಂದೆರಡು ಚಮಚ ಸುರಿದು, ಮುಚ್ಚಳ ಒತ್ತಿ ಕೊಟ್ಟರು. ತಲೆಯ ಅಪ್ಪಣೆಗೆ ಕೈ ಕಾಯಲೇ ಇಲ್ಲ.

ಚೈತ್ರಾ ತಡೆಯಲಾರದೆ ಅಂದುಬಿಟ್ಟಳು: “ಮೇಡಂ, ನೀವೂ ಹಂಚಿದ್ರಲ್ರಿ! ನೀವೂ ಒಂದ್ ವಾರ ಹೊರಗೇನ್ರಿ?”

ನಾನು ಅವಳ ಕೈ ಜಗ್ಗಿದೆ. ಅವರು ಗೋಡೆಯ ಫಲಕ ನೋಡಿದರು, ಡಬ್ಬಿ ನೋಡಿದರು, ಸೆರಗು ಬಾಯಿಗಿಟ್ಟುಕೊಂಡು ನಕ್ಕೇ ನಕ್ಕರು.

“ಖಾಲಿ ಡಬ್ಬಿ ಹೆಂಗ ಕೊಡಾಕ ಬರ್ತೈತ್ಲೇ ಹುಡುಗಿ! ನಡಿ, ಕ್ಲಾಸಿಗೆ ನಡಿ. ಶನಿವಾರ ಚಲೋತ್ನಾಗಿ ಆಡು. ಇನ್ನೊಮ್ಮೆ ಗಿಣ್ಣ ತಂದ್ರ ಮೊದಲ ನನಗ ತೋರಿಸು.”

ಕಟ್ಟಳೆಯಿಲ್ಲದೆ ನಾವು ಯಾರೂ ಬೆಳೆದಿಲ್ಲ, ಗೆಳೆಯರೇ. ಆದರೆ ನಮ್ಮನ್ನು ಬೆಳೆಸಿದ ಕಟ್ಟಳೆಗಳು ಮನೆಯಲ್ಲಿ ಇದ್ದದ್ದನ್ನು ನೋಡಿಕೊಂಡು, ಶೇಂಗಾ ಇಲ್ಲದ ದಿನ ಬೆಲ್ಲಕ್ಕೂ ಬೆಲ್ಲವಿಲ್ಲದ ದಿನ ಸಕ್ಕರೆಗೂ ಒಪ್ಪಿಕೊಂಡು ನಡೆದವು. ಅದಕ್ಕೇ ಇನ್ನೂ ಉಳಿದಿವೆ.

ಚೈತ್ರಾ ಆಡಿದಳು, ತಂಡ ಸೋತಿತು, ಮೊಣಕಾಲು ತರಚಿಕೊಂಡು ನಗುತ್ತಲೇ ಬಂದಳು. ಆ ಡಬ್ಬಿ ಈಗ ನನ್ನ ಕಪಾಟಿನ ಸಾಲಿನಲ್ಲಿದೆ. ತೆಲಿಗಿಗೆ ಹೋಗುವಾಗ ತಂಗಿಗೆ ಒಯ್ದು ಕೊಡಬೇಕು. ಇದೊಂದಕ್ಕೆ ಮಾತ್ರ ಏನು ಹಾಕಲಿ ಎಂದು ನಾನು ತಡಕಾಡಬೇಕಿಲ್ಲ. ಶಾಲೆಯೇ ಹಾಕಿ ಕಳಿಸಿದೆ.