ದೇವರ ಕೋಣೆಗೆ ಬೇರೆ ಸ್ವಿಚ್

ಸೀವುಡ್ಸ್ ಬಡಾವಣೆಯ ಒಂದು ಹೌಸಿಂಗ್ ಸೊಸೈಟಿಯ ಮೂವತ್ತಾರು ಫ್ಲ್ಯಾಟಿಗೆ ಸ್ಮಾರ್ಟ್ ಸ್ವಿಚ್ ಹಾಕುವ ಆರ್ಡರು ನನಗೆ ಸಿಗುವುದರಲ್ಲಿತ್ತು. "ಮೊದಲು ನಮ್ಮ ಮನೆಯಲ್ಲಿ ನಡೆಸಿ ತೋರಿಸಿ, ಆಮೇಲೆ ಸಹಿ" ಎಂದಿದ್ದರು ಸೆಕ್ರೆಟರಿ, ಉಡುಪಿ ಕಡೆಯ ಹೋಟೆಲಿನವರು. ಯಾವ ಸ್ವಿಚ್ ಯಾವಾಗ ಬಳಸಬೇಕೆಂದು ಅವರ ಮನೆಯ ಎಐಗೆ ನಾನೇ ಬರೆದುಕೊಟ್ಟಿದ್ದೆ: 'ಮನೆಯಲ್ಲಿ ಯಾರೂ ಇಲ್ಲದಾಗ ಎಲ್ಲ ದೀಪ ಆರಿಸು.'

ಪರೀಕ್ಷೆಗೆಂದು ಎಲ್ಲರೂ ಕೆಳಗಿಳಿದು ಮರಳಿದಾಗ ದೇವರ ಕೋಣೆಯ ಕರೆಂಟ್ ದೀಪವೂ ಆರಿ ಕತ್ತಲು. ಸೆಕ್ರೆಟರಿಯ ತಾಯಿ ನನ್ನತ್ತ ತಿರುಗಿದರು.

"ಮನೆಯಲ್ಲಿ ಯಾರೂ ಇಲ್ಲ ಅಂತ ಅದಕ್ಕೆ ಹೇಳಿದ್ದು ಯಾರು ಮಾರಾಯ್ರೆ? ದೇವರು ಇರ್ಲಿಲ್ವಾ?"

"ಬರೆದದ್ದು ನಾನೇ ಅಮ್ಮ, ತಪ್ಪು ನನ್ನದೇ. ದೇವರಿಗೆ ಬೇರೆ ಸ್ವಿಚ್ ಹಾಕಿ, ಅದನ್ನು ಮುಟ್ಟಬೇಡ ಅಂತ ಬರೀತೇನೆ."

"ಹಾಗೆ ಮಾಡಿ. ಎಲ್ಲರ ಮನೆಗೂ ಹಾಕಿ," ಎಂದರು ಅಮ್ಮ. ಮಗ ಸಹಿ ಹಾಕಿದರು.

ಮೂವತ್ತಾರು ಫ್ಲ್ಯಾಟೂ ಸಿಕ್ಕವು, ಅದರ ಮೇಲೆ ಮೂವತ್ತೊಂದು ದೇವರ ಸ್ವಿಚ್. ಉಳಿದ ಐದು ಮನೆಯವರು ಇನ್ನೂ ಎಣ್ಣೆ ದೀಪವನ್ನೇ ಹಚ್ಚುತ್ತಾರಂತೆ.