ಐತಾರದ ಇಪ್ಪತ್ತೊಂದು ಸುತ್ತು

ದೇವದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಐತಾರ ಬೆಳಿಗ್ಗೆ ರಾಯಚೂರು ಬಸ್ಸಿಗೆ ಕಾಯುತ್ತಿದ್ದ ಉರುಕುಂದಪ್ಪನನ್ನು ಇದನ್ನು ಬರೆಯುವವನು ಬಹಳ ದಿನ ಡ್ರಿಲ್ ಮಾಸ್ತರ ಎಂದೇ ತಿಳಿದಿದ್ದ. ತಪ್ಪು ಪೂರ್ತಿ ಬರೆಯುವವನದಲ್ಲ. ಇಸ್ತ್ರಿ ಮಾಡಿದ ನೀಲಿ ಅಂಗಿ, ಕೊರಳಲ್ಲಿ ಕಪ್ಪು ದಾರಕ್ಕೆ ಜೋತುಬಿದ್ದ ಸೀಟಿ, ಬಸ್ಸು ಬಂದ ಕೂಡಲೇ ಬಾಗಿಲಿಗೆ ಮುಗಿಬೀಳುವ ಜನಕ್ಕೆ "ಒಬ್ಬೊಬ್ಬರ, ಒಬ್ಬೊಬ್ಬರ" ಎನ್ನುವ ದನಿ. ಇಷ್ಟೆಲ್ಲ ಇದ್ದ ಮೇಲೆ ಇನ್ನೇನು ತಿಳಿಯಬೇಕು? "ನಮಸ್ಕಾರ್ರಿ ಮಾಸ್ತರ" ಎಂದು ಎರಡು ವರ್ಷ ಕೈಮುಗಿದದ್ದಾಯಿತು. ಅವನೂ ಎರಡು ವರ್ಷ ಗಂಭೀರವಾಗಿ ಕೈಮುಗಿದ. ಕಡೆಗೊಂದು ದಿನ ಯಾವ ಶಾಲೆ ಎಂದು ಕೇಳಿದ್ದಕ್ಕೆ, "ಶಾಲಿ ಅಲ್ರಿ, ಜಾರಬಂಡಿ" ಎಂದುಬಿಟ್ಟ.

ರಾಯಚೂರಿನಿಂದ ಮಾನ್ವಿಗೆ ಹೋಗುವ ರಸ್ತೆಯಲ್ಲಿ ಜಲಲೀಲಾ ಎಂಬ ವಾಟರ್ ಪಾರ್ಕ್ ಇತ್ತು. ಇತ್ತು ಎಂದರೆ ಈಗಲೂ ಇದೆ, ನೀರಿಲ್ಲ ಅಷ್ಟೆ. ಕೊರೋನಾದಲ್ಲಿ ಹಾಕಿದ ಬಾಗಿಲು ಮತ್ತೆ ತೆಗೆಯಲಿಲ್ಲ. ಕಂಡಕ್ಟರುಗಳು ಮಾತ್ರ ಇಂದಿಗೂ "ವಾಟರ್ ಪಾರ್ಕ್ ಯಾರ್ರೀ ಇಳಿಯೋರು?" ಎಂದು ಕೂಗುತ್ತಾರೆ. ಇಳಿಯುವವನು ಒಬ್ಬನೇ.

ಉರುಕುಂದಪ್ಪ ಅಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದವನು. ಸಣ್ಣ ಪಾರ್ಕು, ಒಬ್ಬನಿಗೆ ಎರಡು ಕೆಲಸ. ಬೆಳಿಗ್ಗೆ ಪಂಪು ಚಾಲೂ ಮಾಡುವುದು, ಆಮೇಲೆ ನಲವತ್ತೆಂಟು ಮೆಟ್ಟಿಲು ಹತ್ತಿ ನೀಲಿ ಜಾರಬಂಡಿಯ ನೆತ್ತಿಯಲ್ಲಿ ನಿಂತು ಸೀಟಿ ಊದುವುದು. ಸೀಟಿ ಊದದೆ ಯಾರೂ ಜಾರುವಂತಿಲ್ಲ. ಡಾಕ್ಟರರ ಮಗನಿರಲಿ, ಕಂಟ್ರಾಕ್ಟರನ ಅಳಿಯನಿರಲಿ, ಚಡ್ಡಿ ಹಾಕಿಕೊಂಡು ಸಾಲಿನಲ್ಲಿ ನಡುಗುತ್ತ ನಿಂತು ಉರುಕುಂದಪ್ಪನ ಬಾಯಿಯನ್ನೇ ನೋಡಬೇಕು. ಒಮ್ಮೆ ಒಬ್ಬ ದೊಡ್ಡ ಅಧಿಕಾರಿ, "ನಾನು ಯಾರು ಗೊತ್ತೇನು?" ಎಂದು ಗುಡುಗಿದ್ದರಂತೆ. "ಗೊತ್ತದರಿ, ಹದಿನಾಕನೇ ನಂಬರ್" ಎಂದಿದ್ದ ಇವನು.

ಮಸರಕಲ್ಲಿನಲ್ಲಿ ಅವನು ಹುಡುಗನಾಗಿದ್ದಾಗ ಈಜು ಕಲಿಯುವ ಬಾವಿ ಒಂದಿತ್ತು. ಆ ಬಾವಿಗೆ ಇವನ ಓಣಿಯ ಹುಡುಗರು ಇಳಿಯುವಂತಿರಲಿಲ್ಲ, ದಂಡೆಯ ಮೇಲೆ ನಿಂತು ಬೇರೆಯವರು ಧುಮುಕುವುದನ್ನು ನೋಡಬಹುದಿತ್ತು. ಜಲಲೀಲಾದಲ್ಲಿ ನೀರಿಗಿಳಿಯುವ ಮೊದಲು ಯಾವ ಓಣಿ ಎಂದು ಯಾರೂ ಕೇಳಲಿಲ್ಲ. ಎಲ್ಲರೂ ಅದೇ ನೀರಿನಲ್ಲಿ ಬಿದ್ದು, ಅದೇ ನೀರು ಕುಡಿದು, ಅದೇ ನೀರಿನಲ್ಲಿ ಕೆಮ್ಮಿದರು. ಯಾರು ಯಾವಾಗ ಬೀಳಬೇಕು ಎಂದು ಹೇಳುತ್ತಿದ್ದವನು ಉರುಕುಂದಪ್ಪ. ಅವನಿಗೆ ಪಾರ್ಕು ಬೇಕಾಗಿದ್ದದ್ದು ಪಗಾರಕ್ಕಷ್ಟೇ ಅಲ್ಲ.

ಬಾಗಿಲು ಹಾಕಿದ ದಿನ ಮಾಲೀಕ ಶಂಭುಲಿಂಗಪ್ಪ ಸಾವ್ಕಾರರು, "ಮುಂದಿನ ಯುಗಾದಿಗೆ ತೆಗಿಯೋಣಂತ, ಪಂಪಿನ ಕಡೆ ಲಕ್ಷ್ಯ ಇರಲಿ" ಎಂದಿದ್ದರು. ಸಾವ್ಕಾರರು ಇಂಥ ಮಾತನ್ನು ಕಾರಿನ ಬಾಗಿಲು ಹಾಕಿಕೊಳ್ಳುತ್ತ ಆಡುತ್ತಾರೆ, ಕಾರು ಹೊರಟ ಮೇಲೆ ಮರೆಯುತ್ತಾರೆ. ಉರುಕುಂದಪ್ಪ ಮರೆಯಲಿಲ್ಲ. ನಿಂತ ಪಂಪಿನ ಒಳಗೆ ತುಕ್ಕು ಹಿಡಿದು ಕಚ್ಚಿಕೊಂಡಿತೆಂದರೆ ಅದರ ಕತೆ ಮುಗಿಯಿತು. ಆಗಾಗ ಕೈಯಿಂದ ತಿರುಗಿಸುತ್ತಿರಬೇಕು. ಹಾಗಾಗಿ ಐದು ವರ್ಷ, ಪ್ರತಿ ಐತಾರ, ಕೈಚೀಲದಲ್ಲಿ ನಟ್ಟು ಬಿಚ್ಚುವ ದೊಡ್ಡ ಪಾನಾ ಮತ್ತು ಎಣ್ಣೆ ಶೀಶೆ ಇಟ್ಟುಕೊಂಡು ಎರಡು ಬಸ್ಸು ಬದಲಿಸಿ ಹೋಗಿ, ಪಂಪನ್ನು ಇಪ್ಪತ್ತೊಂದು ಸುತ್ತು ತಿರುಗಿಸಿ ಬಂದ. ಐದು ಸುತ್ತು ಸಾಕಾಗುತ್ತಿತ್ತು. ಉಳಿದ ಹದಿನಾರು ಅವನ ಸಮಾಧಾನಕ್ಕೆ.

ಸಂಕಟವೇನೆಂದರೆ, ದೇವದುರ್ಗದ ಅವನ ಓಣಿಗೆ ನಳ ಬರುವುದೂ ಐತಾರವೇ. ಹೆಂಡತಿ ಸೂಗಮ್ಮ ಕೊಡ ಹೊತ್ತು ಹೊತ್ತು ಸಾಕಾಗಿ ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು, "ನೀರ ಬರೋ ದಿನ ನೋಡಿ ನೀರ ಇಲ್ಲದಲ್ಲಿ ಹೋಗ್ತಾನ ನೋಡವ್ವಾ ನನ್ನ ಗಂಡ!"

"ಪಾರ್ಕ್ ತೆಗದ್ರ ನಿನಗ ಪುಕ್ಕಟ ಜಾರಾಕ ಬಿಡ್ತೀನಿ ಸುಮ್ನಿರು."

"ಈ ಓಣ್ಯಾಗ ಐತಾರಕ್ಕೊಮ್ಮಿ ಜಾರ್ತೀನಲ್ಲ, ಕೊಡ ಸಮೇತ."

ಹೀಗಿರುವಾಗ ರಾಯಚೂರಿನಲ್ಲಿ ಜಲಲೀಲಾ ಪುನರಾರಂಭ ಹೋರಾಟ ಸಮಿತಿ ಹುಟ್ಟಿತು. ಹುಟ್ಟಿಸಿದವನು ಚನ್ನವೀರ, ಹಾರ್ಡ್‌ವೇರ್ ಅಂಗಡಿಯವನು. ಕಾಲೇಜಿನ ದಿನಗಳಲ್ಲಿ ಅಲ್ಲಿ ಜಾರಿದ ಫೋಟೋ ಒಂದು ಅವನಿಗೆ ಸಿಕ್ಕಿತ್ತು. ಆಗ ಹೊಟ್ಟೆ ಇರಲಿಲ್ಲ, ತಲೆಯಲ್ಲಿ ಕೂದಲಿತ್ತು. ಇವೆರಡೂ ಪಾರ್ಕಿನ ಜತೆಗೇ ವಾಪಸು ಬರುತ್ತವೆ ಎಂದು ಅವನ ಮನಸ್ಸಿನ ಯಾವುದೋ ಮೂಲೆ ನಂಬಿರಬೇಕು. ಸಮಿತಿಗೆ ಮೊದಲು ಲೆಟರ್‌ಹೆಡ್ ಬಂತು, ಆಮೇಲೆ ಸದಸ್ಯರು ಬಂದರು. ಕಚೇರಿಯೊಂದಕ್ಕೆ ಮನವಿ ಕೊಟ್ಟು, ಅದರ ಮೇಲೆ ಬಿದ್ದ ಠಸ್ಸೆಯ ಫೋಟೋ ತೆಗೆದು, ಹೋರಾಟಕ್ಕೆ ಮೊದಲ ಜಯ ಎಂದು ಗ್ರೂಪಿನಲ್ಲಿ ಹಾಕಿ ಪೇಡೆ ಹಂಚಿದರು. ನೆನಪುಗಳೂ ಧಾರಾಳವಾಗಿ ಹರಿದವು. ಒಮ್ಮೆಯೂ ಪಾರ್ಕಿನ ಗೇಟು ದಾಟದವರೂ ಅಲ್ಲಿ ಕಳೆದ ಬಾಲ್ಯವನ್ನು ನೆನೆದು ಬರೆದರು.

ನಗುವ ಮಾತಲ್ಲ, ಸಮಿತಿಯ ಕಾಟಕ್ಕೆ ಸಾವ್ಕಾರರು ಕೊನೆಗೂ ಒಂದು ಐತಾರ ಬಂದು ನೋಡುತ್ತೇನೆ ಎಂದರು. ಚನ್ನವೀರ ಉರುಕುಂದಪ್ಪನಿಗೆ ಫೋನು ಮಾಡಿ, "ಪಂಪ್ ನಡದ್ರ ಅರ್ಧಾ ಪಾರ್ಕ್ ಬಂದಂಗ ಅಂದಾರ ಸಾವ್ಕಾರ್ರು. ಎಲ್ಲಾ ನಿಮ್ಮ ಕೈಯಾಗದ" ಎಂದ. ಆ ವಾರ ಉರುಕುಂದಪ್ಪ ಊಟ ಸರಿಯಾಗಿ ಮಾಡಲಿಲ್ಲ. ಸೂಗಮ್ಮನೂ ನಳ ಬಿಟ್ಟು ಜತೆಗೆ ಹೊರಟಳು. ಗಂಡನ ಹುಚ್ಚು ಹೇಗಿದೆ ಎಂದು ಒಮ್ಮೆ ನೋಡಿಬರಬೇಕೆಂದಳು, ಆದರೆ ಪೆಟ್ಟಿಗೆಯ ಸೀರೆ ತೆಗೆದು ಉಟ್ಟಿದ್ದಳು.

ಸಾವ್ಕಾರರ ಕಾರಿನ ಹಿಂದೆಯೇ ಟ್ರ್ಯಾಕ್ಟರು ಬಂತು. ಅದರಲ್ಲಿ ಅವರ ಅಕ್ಕಿ ಗಿರಣಿಯ ಜನರೇಟರು, ಜತೆಗೆ ಗಿರಣಿಯ ಮಿಸ್ತ್ರಿ. ಜನರೇಟರ್ ನೋಡಿ ಉರುಕುಂದಪ್ಪ "ಸುರು ಮಾಡಾಕ ಬಂದಾರ" ಎಂದು ಹೆಂಡತಿಯ ಕಿವಿಯಲ್ಲಿ ಹೇಳಿದ. ಚನ್ನವೀರ ಶಾಲು ಹೊದ್ದು ಇಪ್ಪತ್ತು ನಿಮಿಷ ಭಾಷಣ ಮಾಡಿದ. ಭಾಷಣ ಮುಗಿಯುವಷ್ಟರಲ್ಲಿ ಉರುಕುಂದಪ್ಪ ತೊಟ್ಟಿಯಲ್ಲಿ ನಿಂತಿದ್ದ ಮಳೆನೀರಿನಿಂದ ಎರಡು ಕೊಡ ತಂದು, ಉಳಿದದ್ದನ್ನು ಎಳೆಯಲೆಂದು ಪಂಪಿನ ಬಾಯಿಗೆ ತುಂಬಿ, ತಂತಿ ಜೋಡಿಸಿ, ಸ್ವಿಚ್ಚು ಒತ್ತಿದ್ದ.

ಪಂಪು ಒಮ್ಮೆ ಗುರ್ರೆಂದಿತು. ಪೈಪು ನಡುಗಿತು. ಜಾರಬಂಡಿಯ ನೆತ್ತಿಯಿಂದ ಹಸಿರು ನೀರು, ಬೇವಿನ ಎಲೆ, ಐದು ವರ್ಷದ ಕಸ ಎಲ್ಲ ಹೊರಳಿಕೊಂಡು ಬಂತು. ಅದರ ಹಿಂದೆ ಒಂದು ದೊಡ್ಡ ಕಪ್ಪೆ, ನಾಲ್ಕೂ ಕಾಲು ಚಾಚಿ, ಎರಡು ತಿರುವು ತಿರುಗಿ ಸರ್ರನೆ ಕೆಳಗೆ ಬಂದು ಬಿತ್ತು. ಉರುಕುಂದಪ್ಪ ತನಗರಿವಿಲ್ಲದೆ ಸೀಟಿ ಊದಿಬಿಟ್ಟ. ಸಮಿತಿ ಚಪ್ಪಾಳೆ ತಟ್ಟಿತು. ಸೂಗಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅವಳ ಕಣ್ಣು ಒದ್ದೆಯಾಗಿತ್ತು.

"ಭೇಷ್ ಉರುಕುಂದಪ್ಪ!" ಎಂದರು ಸಾವ್ಕಾರರು. "ಐದು ವರ್ಷ ನಿಂತ ಪಂಪು ಹೂವಿನಂಗ ನಡೀತದಲ್ಲೋ! ಇದು ಜಾಮ್ ಆಗಿರ್ತದ ಅಂತ ನಾ ಹೊಸಾದ ತಗೊಳ್ಳಾಕ ಹೊಂಟಿದ್ದೆ. ನಮ್ಮ ಗಿರಣಿ ಪಂಪು ಮೊನ್ನಿ ಸುಟ್ಟು ಭತ್ತಾ ನೆನಿ ಹಾಕೋದ ನಿಂತದ. ಏ ಮಿಸ್ತ್ರಿ, ಬಿಚ್ಚಲೇ."

"ಸಾವ್ಕಾರ್ರ, ಪಾರ್ಕು?" ಎಂದ ಉರುಕುಂದಪ್ಪ.

"ನೋಡೋಣಂತ. ಯುಗಾದಿ ಮುಗೀಲಿ."

ಯಾವ ಯುಗಾದಿ ಎಂದು ಯಾರೂ ಕೇಳಲಿಲ್ಲ. ಮಿಸ್ತ್ರಿಯ ಪಾನಾ ಆ ನಟ್ಟುಗಳಿಗೆ ಕೂಡಲಿಲ್ಲ. ಅವನು ಸುತ್ತಿಗೆ ಎತ್ತಿದ. ಉರುಕುಂದಪ್ಪ ಒಂದು ಗಳಿಗೆ ನೋಡಿದ, ಆಮೇಲೆ ತಡೆಯಲಾಗಲಿಲ್ಲ. "ಹಂಗ ಹೊಡದ್ರ ಒಡೀತದಲೇ, ಆ ಕಡಿ ಸರಿ" ಎಂದು ತನ್ನ ಪಾನಾ ತೆಗೆದು ತಾನೇ ಕೂತ. ಐದು ವರ್ಷ ಎಣ್ಣೆ ಉಂಡ ನಟ್ಟುಗಳು ಮಾತು ಕೇಳುವ ಮಕ್ಕಳಂತೆ ಬಿಚ್ಚಿಕೊಂಡವು. ತುಕ್ಕು ಹಿಡಿಯಲು ಬಿಟ್ಟಿದ್ದರೆ ಪಂಪು ಇಲ್ಲೇ ಇರುತ್ತಿತ್ತು ಎಂಬುದು ನಾಲ್ಕನೆಯ ನಟ್ಟು ಬಿಚ್ಚುವಾಗ ಅವನಿಗೆ ಹೊಳೆದಂತಿತ್ತು, ಕೈ ಸ್ವಲ್ಪ ನಿಂತಿತು. ಮತ್ತೆ ತಿರುಗಿತು.

ಟ್ರ್ಯಾಕ್ಟರು ಪಂಪು ಹೊತ್ತು ಮಾನ್ವಿ ಕಡೆ ಹೋಯಿತು. ಸೂಗಮ್ಮ ಖಾಲಿ ಕೊಡಗಳನ್ನು ತೊಳೆದು ಬೋರಲು ಹಾಕಿದಳು. ಉರುಕುಂದಪ್ಪ ಪಂಪು ಇದ್ದ ಕಟ್ಟೆಯ ಮೇಲೆ ಕೂತು ಪಾನಾ ಒರೆಸುತ್ತಿದ್ದ, ಒರೆಸಿದ್ದನ್ನೇ ಒರೆಸುತ್ತಿದ್ದ.

ಸಮಿತಿಯ ಗೌರವ ಉಳಿಯಬೇಕಲ್ಲ. ಚನ್ನವೀರ ಶಾಲು ಸರಿಮಾಡಿಕೊಂಡು, ಮೊಬೈಲನ್ನು ವಿಡಿಯೋಕ್ಕೆ ಹಿಡಿದು, ಸದಸ್ಯರನ್ನೆಲ್ಲ ಹಿಂದೆ ನಿಲ್ಲಿಸಿಕೊಂಡು ಹತ್ತಿರ ಬಂದ.

"ಉರುಕುಂದಪ್ಪ, ನಿಮ್ಮ ಇಷ್ಟು ವರ್ಷದ ಅನುಭವದಾಗ ಹೇಳ್ರಿ. ಪಂಪ್ ಇಲ್ದ ವಾಟರ್ ಪಾರ್ಕ್ ಸುರು ಮಾಡಾಕ ಏನಾರ ದಾರಿ ಅದ ಏನ್ರಿ?"

ಉರುಕುಂದಪ್ಪ ತಲೆ ಎತ್ತಿ ಸಮಿತಿಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದ.

"ಅದರಿ. ನೀವೆಲ್ಲಾ ಒಬ್ಬೊಬ್ಬರ ಕೊಡ ಹೊತ್ತು ಮೆಟ್ಟಲಾ ಹತ್ರಿ. ನಾ ಸೀಟಿ ಊದ್ತೀನಿ."